ಕೂಸಿಗೆ ಆ ಪ್ರಶ್ನೆ ಬೇಡ

ವಿಜಯಪುರ

ಪ್ರೀತಿಯ ಮಗಳೇ,

ನಿನ್ನ ಪತ್ರ ಬಂತು. ನಿನ್ನ ಕಾಕಾ ಓದಿ ಏನೂ ಮಾತಾಡದೆ ನನ್ನ ಕೈಗೆ ಕೊಟ್ಟರು. ಏನಾಯಿತು, ಯಾಕಾಯಿತು ಎಂಬುದು ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಅದನ್ನು ಇಲ್ಲಿ ಕೆದಕುವುದಿಲ್ಲ. ಕೂಡಿ ಬಾಳಲು ಆಗುವುದಿಲ್ಲ ಎಂದು ನೀವಿಬ್ಬರೂ ಹೇಳುತ್ತಿದ್ದೀರಿ, ನಾನು ನಂಬುತ್ತೇನೆ. ನನ್ನ ನಿದ್ದೆ ಕೆಡಿಸಿದ್ದು ಕೊನೆಯಲ್ಲಿ ನೀನು ಬರೆದ ಆ ಒಂದು ಮಾತು. "ಕೋರ್ಟಿಗೆ ಹೋದರೆ ಕೂಸನ್ನ ನಿಲ್ಲಿಸಿ ಅಪ್ಪ ಬೇಕೋ ಅವ್ವ ಬೇಕೋ ಅಂತ ಕೇಳ್ತಾರಂತೆ, ಹೌದಾ ಕಾಕು?"

ಇದಕ್ಕೆ ಹೌದು ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಅದಕ್ಕೇ ಫೋನ್ ಮಾಡದೆ ಬರೆಯಲು ಕೂತಿದ್ದೇನೆ.

ನನ್ನ ಹತ್ತಿರ ಶಾಲೆ ಕಲಿತ ಒಬ್ಬಳು ಈಗ ಇಲ್ಲೇ ವಕೀಲಿಕೆ ಮಾಡುತ್ತಾಳೆ. ಇಂದಿಗೂ ಅಕ್ಕೋರೇ ಅಂತಲೇ ಕರೆಯುತ್ತಾಳೆ. ನಿನ್ನ ಹೆಸರು ಹೇಳದೆ ಅವಳನ್ನು ಕೇಳಿದೆ. ಕೂಸು ನನಗೆ ಬೇಕು, ನನಗೆ ಬೇಕು ಎಂದು ಇಬ್ಬರೂ ಜಗಳಕ್ಕೆ ಬಿದ್ದರೆ ನ್ಯಾಯಾಧೀಶರು ಕೂಸಿನ ಜೊತೆ ಮಾತಾಡುವುದುಂಟು ಎಂದಳು. ಸಾಮಾನ್ಯವಾಗಿ ತಮ್ಮ ಕೋಣೆಗೆ ಕರೆಸಿಕೊಂಡು ಮಾತಾಡುತ್ತಾರಂತೆ. ಎಲ್ಲರ ಮುಂದೆ ಕಟಕಟೆಯಲ್ಲಿ ನಿಲ್ಲಿಸುವುದಿಲ್ಲ. ಕೂಸು ಹೇಳಿದ್ದೇ ತೀರ್ಪು ಅಂತಲೂ ಅಲ್ಲ, ಅದಕ್ಕೆ ಯಾವುದು ಒಳ್ಳೆಯದು ಎಂದು ನೋಡುತ್ತಾರೆ. ಆದರೆ ಅಪ್ಪ ಅವ್ವ ಇಬ್ಬರೂ ಮುಂಚೆಯೇ ಕೂತು ತೀರ್ಮಾನ ಮಾಡಿ, ಅದನ್ನು ಬರೆದುಕೊಂಡು ಜಂಟಿ ಅರ್ಜಿ ಹಾಕಿದರೆ, ಕೂಸನ್ನು ಕರೆದು ಕೇಳುವ ಪ್ರಸಂಗ ಸಾಧಾರಣವಾಗಿ ಬರುವುದಿಲ್ಲವಂತೆ.

ಇಷ್ಟು ಕೇಳಿ ಅರ್ಧ ಸಮಾಧಾನವಾಯಿತು. ಇನ್ನರ್ಧ ಆಗಲಿಲ್ಲ. ಯಾಕೆಂದರೆ ಆ ಪ್ರಶ್ನೆಯನ್ನು ನನಗೂ ಕೇಳಿದ್ದರು. ಅಲ್ಲಿ ಕೋರ್ಟೇ ಇರಲಿಲ್ಲ.

ಇದು ನಿನ್ನ ಕಾಕಾಗೆ ಬಿಟ್ಟರೆ ನಿಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ತವರು ಸಿಂದಗಿ ತಾಲೂಕಿನ ಹಳ್ಳಿ. ಆಗ ನಾನು ಎರಡನೇ ಇಯತ್ತೆ. ಅಪ್ಪ ಅವ್ವ ಬೇರೆಯಾದದ್ದು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ. ಪಂಚರು ಕೂತಿದ್ದರು. ಒಂದು ಕಡೆ ನನ್ನ ಸೋದರಮಾವ, ಇನ್ನೊಂದು ಕಡೆ ಅಪ್ಪನ ಅಣ್ಣತಮ್ಮಂದಿರು. ಬಾಂಡೆ ಸಾಮಾನು, ಹಾಸಿಗೆ, ಒಂದು ಎಮ್ಮೆ, ಎಲ್ಲ ಹಂಚಿಕೆಯಾಯಿತು. ಕೊನೆಗೆ ನನ್ನ ಪಾಳಿ ಬಂತು. ಊರ ಗೌಡರು ಕೆಟ್ಟವರಲ್ಲ. ಪ್ರೀತಿಯಿಂದಲೇ ಹತ್ತಿರ ಕರೆದು, "ಯಾರ ಕೂಡ ಹೋಗ್ತಿ ಹೇಳವ್ವ" ಎಂದರು. ನಾನು ಅವ್ವನ ಸೆರಗು ಹಿಡಿದು ನಿಂತಿದ್ದೆ. ಬಿಡಲಿಲ್ಲ. ಅಷ್ಟೇ ನನ್ನ ಉತ್ತರ. ಅಪ್ಪ ಧೋತರದ ಚುಂಗಿನಲ್ಲಿ ನನಗೆ ಅಂತ ಶೇಂಗಾ, ಬೆಲ್ಲ ಕಟ್ಟಿಕೊಂಡು ಬಂದಿದ್ದ. ಗಂಟು ಬಿಚ್ಚುತ್ತಿದ್ದ ಕೈ ಅಲ್ಲೇ ನಿಂತಿತು. ಆಮೇಲೆ ಎದ್ದು ಹೋದ.

ಮುಂದೆ ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆಗೆ ವಿಜಯಪುರಕ್ಕೆ ಬಂದಾಗ ದನದ ಪೇಟೆಯಲ್ಲಿ ಅವನನ್ನು ನೋಡಿದೆ. ಅವನೂ ನೋಡಿದ. ನಾನು ಮಾತಾಡಿಸಿದರೆ ಅವ್ವನಿಗೆ ನೋವಾಗುತ್ತದೆ ಎಂದು ನನ್ನಷ್ಟಕ್ಕೆ ನಾನೇ ತಿಳಿದುಕೊಂಡಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ. ನನ್ನ ಮದುವೆಗೆ ಕರೆ ಕಳಿಸಿದರು, ಅವನು ಬರಲಿಲ್ಲ. ತೀರಿಕೊಂಡ ಸುದ್ದಿ ನಮಗೆ ತಲುಪಿದ್ದು ಮಣ್ಣಾದ ಮೇಲೆ. ಅವ್ವನ ಕೂಡ ಹೋಗುತ್ತೇನೆ ಅಂದರೆ ಅಪ್ಪ ಬೇಡ ಅಂದ ಹಾಗಲ್ಲ, ಅಲ್ವಾ? ಈ ಮಾತು ಅವನಿಗೆ ಹೇಳಲು ಆಗಲೇ ಇಲ್ಲ. ಇಷ್ಟು ವಯಸ್ಸಾದರೂ ಆ ಕೊರಗು ಹೋಗಿಲ್ಲ.

ನೋಡು, ಅಲ್ಲಿ ವಕೀಲರಿರಲಿಲ್ಲ, ಫೀ ಇರಲಿಲ್ಲ, ವಾಯಿದೆ ಮೇಲೆ ವಾಯಿದೆ ಇರಲಿಲ್ಲ. ಎಲ್ಲ ನಮ್ಮವರೇ. ಒಂದೇ ಸಂಜೆಗೆ ಮುಗಿಯಿತು. ಆದರೂ ಕೇಳಿದರು. ಅದಕ್ಕೇ "ಕೋರ್ಟು ಕಚೇರಿ ಬೇಡ, ಹಿರಿಯರು ಕೂತು ಮುಗಿಸೋಣ" ಎಂದು ನಿಮ್ಮ ಅಪ್ಪಾಜಿ ಹೇಳಿದರು ಎಂದು ಓದಿದಾಗ ನನಗೆ ಸಮಾಧಾನಕ್ಕಿಂತ ಭಯವೇ ಜಾಸ್ತಿ ಆಯಿತು. ಹಿರಿಯರು ಕೂರಲಿ. ಆದರೆ ಕೂಸು ಆ ಮನೆಯಲ್ಲಿ ಇರದ ದಿನ ಕೂರಲಿ. ಭಾವನವರಿಗೆ ನಾನು ನೇರವಾಗಿ ಹೇಳುವುದು ಚೆಂದ ಕಾಣುವುದಿಲ್ಲ. ನಿನ್ನ ಕಾಕಾನ ಕಡೆಯಿಂದ ಹೇಳಿಸುತ್ತೇನೆ.

ಇನ್ನೊಂದು ಮಾತೂ ಅವರಿಗೆ ಹೇಳಿಸಬೇಕು. ಬಾಂಡ್ ಪೇಪರ್ ಮೇಲೆ ಸೋಡಚೀಟಿ, ಅಂದರೆ ಮದುವೆ ಬಿಟ್ಟ ಕಾಗದ, ಬರೆದು ಸಹಿ ಹಾಕಿದರೆ ಸಾಕು ಎಂದು ಯಾರಾದರೂ ಅಂದರೆ ಒಪ್ಪಬೇಡ. ಕೆಲವು ಸಮಾಜಗಳ ಹಳೆಯ ರೂಢಿಯನ್ನು ಕಾನೂನು ಮನ್ನಿಸುತ್ತದೆ, ಆದರೆ ರೂಢಿ ಇದೆ ಎಂದು ಸಾಬೀತು ಮಾಡಬೇಕಾಗುತ್ತದೆ. ನಮ್ಮಂಥವರಿಗೆ ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ಬೇಕೇ ಬೇಕು. ನಾಳೆ ನಿಮ್ಮಿಬ್ಬರಲ್ಲಿ ಯಾರಾದರೂ ಮತ್ತೆ ಮದುವೆಯಾದರೆ ಆ ಸೋಡಚೀಟಿ ಕಾಯುವುದಿಲ್ಲ. ಹಿಂದೂ ವಿವಾಹ ಕಾಯ್ದೆ 1955ರದು. ಅದಕ್ಕೆ 1976ರಲ್ಲಿ 13ಬಿ ಎಂಬ ಕಲಂ ಸೇರಿಸಿದರು. ಇಬ್ಬರೂ ಒಪ್ಪಿ ಬೇರೆಯಾಗುವುದಕ್ಕೆ ಅದೇ ದಾರಿ. ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಬೇರೆಯಾಗಿ ಸಾಕಷ್ಟು ಕಾಲವಾಗಿ, ಮಕ್ಕಳ ವಿಷಯ ಹಣದ ವಿಷಯ ಪೂರ್ತಿ ಬಗೆಹರಿದಿದ್ದರೆ ಆ ಆರು ತಿಂಗಳನ್ನು ನ್ಯಾಯಾಲಯ ಬಿಟ್ಟುಕೊಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮದುವೆಯಾದ ಊರು ಅಂತ ಇಲ್ಲಿ ವಿಜಯಪುರದಲ್ಲೂ ಅರ್ಜಿ ಹಾಕಬಹುದು, ಕೊನೆಗೆ ಕೂಡಿ ಇದ್ದ ಬೆಳಗಾವಿಯಲ್ಲೂ ಹಾಕಬಹುದು. ಅಂದರೆ ಕೋರ್ಟಿನ ಮೆಟ್ಟಿಲು ಹತ್ತುವುದು ತಪ್ಪುವುದಿಲ್ಲ ಮಗಳೇ. ಜಗಳವನ್ನು ಅಲ್ಲಿಗೆ ಒಯ್ಯುವುದು ಮಾತ್ರ ತಪ್ಪುತ್ತದೆ.

ನಿನ್ನ ಗೆಳತಿ ಹೇಳಿದ ಕೊಲ್ಯಾಬರೇಟಿವ್ ಡೈವೋರ್ಸ್ ಬಗ್ಗೆಯೂ ಕೇಳಿದೆ. ಅದನ್ನು 1990ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಸ್ಟು ವೆಬ್ ಎಂಬ ವಕೀಲರು ಶುರು ಮಾಡಿದರಂತೆ. ಗಂಡ, ಹೆಂಡತಿ, ಅವರವರ ವಕೀಲರು, ನಾಲ್ವರೂ ಒಂದೇ ಮೇಜಿಗೆ ಕೂರುತ್ತಾರೆ. ಕೋರ್ಟಿನಲ್ಲಿ ಕಾದಾಡುವುದಿಲ್ಲ ಎಂದು ಮೊದಲೇ ಬರೆದುಕೊಡುತ್ತಾರೆ. ಮಾತು ಮುರಿದರೆ ಆ ಇಬ್ಬರು ವಕೀಲರೂ ಕೇಸು ಬಿಡಬೇಕು, ಬೇರೆಯವರನ್ನು ಹಿಡಿಯಬೇಕು. ಹೀಗಾಗಿ ಜಗಳ ಬೆಳೆಸಿ ವಕೀಲರಿಗೆ ಏನೂ ಲಾಭವಿಲ್ಲ. ನನಗೆ ಇದು ಬಹಳ ಹಿಡಿಸಿತು. ನಮ್ಮ ಕಡೆ ಆ ಹೆಸರಿನಲ್ಲಿ ಮಾಡುವವರು ಅಪರೂಪ. ಆದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಕೇಸು ಹಾಕುವ ಮುಂಚೆಯೇ ಮಧ್ಯಸ್ಥಿಕೆ ಬೇಕು ಎಂದು ಅಲ್ಲಿ ಕೇಳಬಹುದು. ಅಲ್ಲಿ ಆಡಿದ ಮಾತನ್ನು ಮುಂದೆ ಕೋರ್ಟಿನಲ್ಲಿ ಸಾಕ್ಷಿಯಾಗಿ ಎಳೆಯುವ ಹಾಗಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. ಫೋನ್ ನಂಬರ್ 15100. ನೀನು ನೌಕರಿ ಮಾಡುವವಳು, ಇದೆಲ್ಲ ನಿನಗೆ ಗೊತ್ತಿರಬಹುದು. ಗೊತ್ತಿದ್ದರೆ ಬಿಡು.

ನನ್ನ ಮನಸ್ಸು ಮಾತ್ರ ತಿರುಗಿ ತಿರುಗಿ ಕೂಸಿನ ಕಡೆಗೇ ಹೋಗುತ್ತದೆ. ನ್ಯಾಯಾಧೀಶರು ಕೇಳುತ್ತಾರೋ ಇಲ್ಲವೋ, ಮನೆಗೆ ಬಂದವರು ಕೇಳಿಯೇ ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳುತ್ತಾರೆ. ಓಣಿಯ ಹೆಂಗಸರು ಗಲ್ಲ ಹಿಂಡಿ ನಗುತ್ತಲೇ ಕೇಳುತ್ತಾರೆ, "ಅಪ್ಪ ಚೊಲೋನೋ, ಅವ್ವ ಚೊಲೋನೋ?" ಅಂಥ ಹೊತ್ತಿನಲ್ಲಿ ಸುಮ್ನೆ ಇರಬೇಡ. "ಅವಳಿಗೆ ಇಬ್ಬರೂ ಇದ್ದಾರೆ" ಎಂದು ಅವಳ ಎದುರಿಗೇ ಹೇಳು. ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ.

ಅದಕ್ಕಿಂತ ಮೊದಲು ನೀವಿಬ್ಬರೂ ಕೂತು ಅವಳಿಗೆ ಹೇಳಿಬಿಡಿ. ಎಲ್ಲಿ ಇರುತ್ತಾಳೆ, ಅಪ್ಪ ಯಾವಾಗ ಬರುತ್ತಾನೆ, ಇದನ್ನು ಅಪ್ಪ ಅವ್ವ ಕೂಡಿ ತೀರ್ಮಾನ ಮಾಡಿದ್ದೇವೆ ಎಂದು. ಒಬ್ಬರೇ ಹೇಳಬೇಡಿ. ಅಳಿಯನಿಗೆ ಕೂಸಿನ ಮೇಲೆ ಜೀವ ಇದೆ, ನಾನು ನೋಡಿದ್ದೇನೆ. ಅವನು ಒಪ್ಪುತ್ತಾನೆ.

ಕಾಗದದಲ್ಲಿ ಸಣ್ಣ ಸಣ್ಣದೂ ಇರಲಿ. ಬೇಸಿಗೆ ರಜೆಯಲ್ಲಿ ಎಷ್ಟು ದಿನ ಯಾರ ಹತ್ತಿರ, ದೀಪಾವಳಿ ಎಲ್ಲಿ, ಶಾಲೆ ಫೀ ಯಾರದು, ಜ್ವರ ಬಂದರೆ ಯಾರಿಗೆ ಮೊದಲು ಫೋನ್. ಭೇಟಿಗೆ ಬಂದವನು ಗೇಟಿನ ಹೊರಗೆ ನಿಂತು ಹಾರ್ನ್ ಹೊಡೆಯುವುದು ಬೇಡ, ಒಳಗೆ ಬಂದು ನೀರು ಕುಡಿದು ಕರೆದುಕೊಂಡು ಹೋಗಲಿ. ಇದನ್ನು ಕಾಗದದಲ್ಲಿ ಬರೆಯಲು ಆಗುವುದಿಲ್ಲವೇನೋ, ಆದರೂ ಹೇಳಿದೆ.

ಸಿಟ್ಟಿನಲ್ಲಿ "ನನಗೆ ಅವನ ಒಂದು ಪೈಸೆ ಬೇಡ" ಎಂದು ಬರೆದಿದ್ದೀಯ. ನಿನ್ನದು ನಿನ್ನಿಷ್ಟ. ಕೂಸಿನ ಖರ್ಚು ಕೂಸಿನ ಹಕ್ಕು, ಅದನ್ನು ನೀನು ಬೇಡ ಅನ್ನಲು ಬರುವುದಿಲ್ಲ. ತವರಿನಿಂದ ಹಾಕಿದ ಬೋರಮಾಳ, ಪಾಟ್ಲಿ ನಿನ್ನ ಸ್ತ್ರೀಧನ. ಅದರ ಪಟ್ಟಿ ಮಾಡಿಡು.

ಮತ್ತೆ, ಪತ್ರದಲ್ಲಿ ಬರೆಯದ ಸಂಗತಿ ಏನಾದರೂ ಇದೆಯಾ? ಅವನು ಎಂದಾದರೂ ಕೈ ಎತ್ತಿದ್ದರೆ, ಹೆದರಿಸಿದ್ದರೆ, ಕೂತು ಮಾತಾಡು ಎಂದು ಮೇಲೆ ಬರೆದದ್ದನ್ನೆಲ್ಲ ಬಿಟ್ಟುಬಿಡು. ಹೆದರಿಕೊಂಡು ಒಪ್ಪಿದ್ದು ಒಪ್ಪಿಗೆಯಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡು, ನಮಗೂ ಮಾಡು, ಕಾಕಾ ಅದೇ ರಾತ್ರಿ ಬಸ್ಸು ಹತ್ತುತ್ತಾರೆ. ಡಿಕ್ರಿ ಆಗುವವರೆಗೆ ಒಪ್ಪಿಗೆಯನ್ನು ಹಿಂದೆ ತೆಗೆದುಕೊಳ್ಳಲು ನಿನಗೆ ಹಕ್ಕಿದೆ, ಇದೂ ನೆನಪಿರಲಿ.

ಎಳ್ಳ ಅಮಾವಾಸ್ಯೆಗೆ ಕೂಸನ್ನು ಕರೆದುಕೊಂಡು ಬಾ. ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರೋಣ. ಅಳಿಯನೂ ಬರುತ್ತೇನೆ ಎಂದರೆ ಬರಲಿ, ನಮ್ಮ ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ. ಮಾರನೇ ದಿನ ಆ ವಕೀಲ ಹುಡುಗಿಯನ್ನು ಮನೆಗೆ ಕರೆಸುತ್ತೇನೆ, ನಿನ್ನ ಪ್ರಶ್ನೆ ಏನಿದ್ದರೂ ನೀನೇ ಕೇಳು. ಅಷ್ಟು ಹೊತ್ತು ಕೂಸು ಕಾಕಾನ ಕೂಡ ಗೋಳಗುಮ್ಮಟ ನೋಡಿ ಬರಲಿ. ಬರುವ ದಿನ ಯಾವುದು ಎಂದು ಬೇಗ ತಿಳಿಸು.

ನಿನ್ನ
ಕಾಕು