ಕಂಸ ತೆಗೆ, ಓದುವವರ ಕಿವಿಗೆ ಬಿಡು

ಚಿಕ್ಕಮಗಳೂರು

ಪ್ರೀತಿಯ ತಂಗಿ,

ನಿನ್ನ ಕತೆ ತಲುಪಿತು. ಎರಡು ಸಲ ಓದಿದೆ. ಗದಗದ ಕಡೆಯಿಂದ ಕಾಫಿ ಕೊಯ್ಲಿಗೆ ಬಂದ ಆ ಹೆಂಗಸು ನನಗೆ ತುಂಬಾ ಹಿಡಿಸಿದಳು. ಆದರೆ ಅವಳು ಬಾಯಿ ಬಿಟ್ಟ ಕೂಡಲೇ ನೀನು ಕಂಸ ಹಾಕುತ್ತೀಯ. ‘ಮನಿ (ಮನೆ)’, ‘ಅರಿವಿ (ಬಟ್ಟೆ)’, ‘ಹೋಗಾಕತ್ತೀನಿ (ಹೋಗುತ್ತಿದ್ದೇನೆ)’. ಒಂದೇ ಪುಟದಲ್ಲಿ ಹನ್ನೊಂದು ಎಣಿಸಿದೆ. ನಮ್ಮ ಹಾಸನದವರಿಗೆ ಅರ್ಥವಾಗದೆ ಹೋದರೆ ಅಂತ ನಿನಗೆ ಭಯ, ಅಲ್ವಾ? ಆ ಭಯ ಬೇಡ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಕೇಳು.

ನಾನು ಬೆಳೆದದ್ದು ಮೂಡಿಗೆರೆ ಹತ್ತಿರದ ಒಂದು ತೋಟದಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ನನಗೆ ಹತ್ತು ವರ್ಷ ಇದ್ದಾಗ ಧಾರವಾಡದ ಕಡೆಯ ಒಂದು ಕುಟುಂಬ ಹಣ್ಣು ಕೊಯ್ಯಲು ಬಂದು ನಮ್ಮ ಲೈನಿನಲ್ಲೇ, ಅಂದರೆ ತೋಟದ ಕೆಲಸದವರ ಸಾಲುಮನೆಗಳಲ್ಲೇ, ಉಳಿದುಕೊಂಡಿತು. ಒಂದು ಸಂಜೆ ಆ ಮನೆಯ ಅಜ್ಜಿ ಒಲೆ ಮುಂದೆ ಕೂತು ತಮ್ಮೂರಿನ ಸುದ್ದಿ ಹೇಳುತ್ತಿದ್ದರು. ‘ನಮ್ಮೂರಾಗ ಅಗಸರು ಅರಿವಿ ಗಂಟೆಲ್ಲ ಕತ್ತಿ ಮ್ಯಾಲ ಹೇರ್ತಾರ’ ಅಂದರು. ನನಗೆ ದಿಕ್ಕೇ ತೋಚಲಿಲ್ಲ. ಕತ್ತಿ ಅಂದರೆ ನನಗೆ ಗೊತ್ತಿದ್ದದ್ದು ಮರಗಸಿ ಮಾಡುವವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕತ್ತಿ. ಅದರ ಮೇಲೆ ಗಂಟು ಹೇರುವುದು ಹೇಗೆ? ಕೇಳಲು ನಾಚಿಕೆ. ಸುಮ್ನೆ ಕೂತೆ. ಅಜ್ಜಿ ಮಾತು ಮುಂದುವರಿಸಿದರು. ‘ಮನಿ’ ಅಂದರು, ‘ಒಲಿ’ ಅಂದರು, ‘ಹೊಳಿ ದಂಡಿ’ ಅಂದರು. ಮನೆ, ಒಲೆ, ಹೊಳೆ. ತಟ್ಟನೆ ಆ ಕತ್ತಿಗೆ ನಾಲ್ಕು ಕಾಲು, ಎರಡು ಉದ್ದ ಕಿವಿ ಬಂದವು. ಕತ್ತೆ! ಯಾರೂ ಹೇಳಿಕೊಡಲಿಲ್ಲ. ನಮ್ಮ ಕೊನೆಯ ‘ಎ’ ಅವರ ಬಾಯಲ್ಲಿ ‘ಇ’ ಆಗುತ್ತದೆ ಅನ್ನುವುದನ್ನು ಕಿವಿ ತಾನೇ ಹಿಡಿದುಕೊಂಡಿತ್ತು. ಆಮೇಲೆ ‘ತಲಿ’, ‘ಎಲಿ’, ‘ಅಡಗಿ’ ಮೊದಲ ಸಲ ಬಂದಾಗಲೂ ಎಲ್ಲೂ ತಡೆಯಲಿಲ್ಲ.

ಕಿವಿ ಇಷ್ಟು ಬೇಗ ಹೊಂದಿಕೊಳ್ಳುತ್ತದೆ ಅನ್ನುವುದನ್ನು ಪ್ರಯೋಗ ಮಾಡಿಯೂ ನೋಡಿದ್ದಾರೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಕೇಳುಗರಿಗೆ ಸ್ಪ್ಯಾನಿಷ್ ಮತ್ತು ಚೀನೀ ಭಾಷಿಕರ ಇಂಗ್ಲಿಷ್ ಕೇಳಿಸಿದರು. ಶುರುವಿನಲ್ಲಿ ತಡವರಿಸಿದವರು ಒಂದು ನಿಮಿಷದೊಳಗೇ ದಾರಿಗೆ ಬಂದರು.

ನಿನ್ನ ಕಂಸಗಳಿಗೆ ಇನ್ನೂ ಹತ್ತಿರದ ಇನ್ನೊಂದು ಪ್ರಯೋಗ ಇದೆ. 2009ರಲ್ಲಿ ಹೊಲ್ಗರ್ ಮಿಟ್ಟರರ್ ಮತ್ತು ಜೇಮ್ಸ್ ಮೆಕ್ವೀನ್ ಅನ್ನುವ ಸಂಶೋಧಕರು ನೆದರ್‌ಲ್ಯಾಂಡ್ಸ್‌ನ ಡಚ್ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಮಾಡಿದ್ದು. ಆ ಹುಡುಗರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಆದರೆ ಸ್ಕಾಟ್ಲೆಂಡಿನ, ಆಸ್ಟ್ರೇಲಿಯಾದ ಇಂಗ್ಲಿಷ್ ಹೊಸದು. ಆ ಇಂಗ್ಲಿಷ್ ಮಾತಿನ ವಿಡಿಯೋವನ್ನು ಕೆಲವರಿಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ತೋರಿಸಿದರು, ಕೆಲವರಿಗೆ ಡಚ್ ಸಬ್‌ಟೈಟಲ್, ಉಳಿದವರಿಗೆ ಏನೂ ಇಲ್ಲ. ಆಮೇಲೆ ಅದೇ ಜನರ ಹೊಸ ಮಾತು ಕೇಳಿಸಿದಾಗ ಇಂಗ್ಲಿಷ್ ಸಬ್‌ಟೈಟಲ್ ನೋಡಿದವರು ಚೆನ್ನಾಗಿ ಹಿಡಿದರು. ಡಚ್ಚಿನಲ್ಲಿ ಓದಿದವರು ಏನೂ ಇಲ್ಲದೆ ನೋಡಿದವರಿಗಿಂತ ಹಿಂದೆ ಬಿದ್ದರು. ಕತೆ ಅವರಿಗೆ ತಿಳಿದಿತ್ತು, ಆ ಉಚ್ಚಾರ ಮಾತ್ರ ಕಿವಿಗೆ ಹತ್ತಿರಲಿಲ್ಲ.

ನಿನ್ನ ಕಂಸ ಆ ಡಚ್ ಸಬ್‌ಟೈಟಲ್ ಇದ್ದ ಹಾಗೆ. ಅದು ಕೇಳುವ ಮಾತಿನ ಪ್ರಯೋಗ, ಓದಿನದ್ದಲ್ಲ, ಒಪ್ಪುತ್ತೇನೆ. ಆದರೆ ನಲವತ್ತು ವರ್ಷ ಕತೆ ಬರೆದು, ಊರೂರಲ್ಲಿ ಗಟ್ಟಿಯಾಗಿ ಓದಿ ನನಗೆ ಕಂಡದ್ದೂ ಅದೇ. ಕಂಸ ಇದ್ದಲ್ಲಿ ಕಣ್ಣು ನೇರ ಅದಕ್ಕೇ ಹಾರುತ್ತದೆ, ‘ಅರಿವಿ’ ದಾರಿಯಲ್ಲೇ ಉದುರಿಹೋಗುತ್ತದೆ.

ಇನ್ನು ನಮ್ಮ ಕಡೆಯ ಓದುಗರು ಒಂದೇ ಭಾಷೆಯವರೂ ಅಲ್ಲ. ನಿನ್ನ ಸಕಲೇಶಪುರದ ಸಂತೆಯಲ್ಲಿ ಒಂದು ಗಂಟೆ ನಿಂತು ನೋಡು, ತುಳು, ಬ್ಯಾರಿ, ಮಲಯಾಳ, ತಮಿಳು ಎಲ್ಲಾ ಕಿವಿಗೆ ಬೀಳುತ್ತವೆ. ಎರಡನೇ ಭಾಷೆ ಕೆಲವು ಸಲ ಬೀಗದ ಕೈ ಆಗುತ್ತದೆ. ಕಾಲೇಜಿನಲ್ಲಿ ಕುಂದಾಪುರದ ಗೆಳೆಯ ‘ಬಪ್ಪುದು’, ‘ಹೋಪುದು’ ಅಂದರೆ ಕಡೂರಿನ ಹುಡುಗರು ಕಣ್ಣು ಬಿಡುತ್ತಿದ್ದರು. ತುಳುವಿನಲ್ಲಿ ಬರುತ್ತೇನೆ, ಹೋಗುತ್ತೇನೆ ಅನ್ನಲು ‘ಬರ್ಪೆ’, ‘ಪೋಪೆ’ ಅನ್ನುವುದು ನನಗೆ ಗೊತ್ತಿತ್ತು, ಸಲೀಸಾಗಿ ಅರ್ಥವಾಯಿತು. ‘ಬಪ್ಪುದು’ ವಚನಗಳಲ್ಲಿ ಇದೆ ಅಂತ ತಿಳಿದದ್ದು ಆಮೇಲೆ. ಆದರೆ ಕಲಬುರಗಿಯವರು ಮಾತಾಡಿದಾಗ ನನ್ನ ತುಳು ಏನೂ ನೆರವಿಗೆ ಬರಲಿಲ್ಲ. ಅಲ್ಲಿ ನನಗಿಂತ ಮೊದಲು ಅರ್ಥ ಮಾಡಿಕೊಂಡವನು ಮನೆಯಲ್ಲಿ ಉರ್ದು ಮಾತಾಡುವ ಗೆಳೆಯ. ಹಾಗಾಗಿ ನಿನ್ನ ಓದುಗರಲ್ಲಿ ಯಾರ ಹತ್ತಿರ ಯಾವ ಕೀಲಿಕೈ ಇದೆ ಅಂತ ನೀನು ಮೊದಲೇ ತೀರ್ಮಾನ ಮಾಡಬೇಡ.

ನಿನ್ನ ಕೆಲಸ ಬೇರೆ ಇದೆ, ಅದು ಕಷ್ಟದ್ದೇ. ಮೂರನೇ ಪುಟದಲ್ಲಿ ಆಕೆ ‘ಮನಿ’ ಅನ್ನುತ್ತಾಳೆ, ಐದನೆಯದರಲ್ಲಿ ‘ಮನೆ’. ಒಂದು ಕಡೆ ‘ಮಾಡಾಕತ್ತೀನಿ’, ಇನ್ನೊಂದು ಕಡೆ ‘ಮಾಡ್ಲತ್ತೀನಿ’. ಎರಡನೆಯದು ಕಲಬುರಗಿಯ ಕಡೆಯದು, ಗದಗದ್ದಲ್ಲ. ಹೀಗೆ ಕಲಸಿದರೆ ಯಾವ ಕಿವಿಯೂ ಹದಕ್ಕೆ ಬರುವುದಿಲ್ಲ. ನಿಮ್ಮ ತೋಟದಲ್ಲಿ ಗದಗದವರು ಈಗಲೂ ಇದ್ದಾರೆ ಅಂತ ಬರೆದಿದ್ದೀಯ. ಹೋಗಿ ಕೂತುಕೋ. ಟಿಪ್ಪಣಿ ಪುಸ್ತಕ ಮನೆಯಲ್ಲೇ ಇರಲಿ. ಅವರು ಕೊಟ್ಟ ಚಾ ಕುಡಿ, ಕೇಳು. ಬಂದ ಮೇಲೆ ಬರೆ, ಬರೆದದ್ದನ್ನು ಅವರಿಗೇ ಓದಿ ಹೇಳು.

ಆಕೆಯ ಮೊದಲ ಮಾತುಗಳು ಸಣ್ಣವಿರಲಿ. ‘ಮನಿ’, ‘ಒಲಿ’ ಮೊದಲು ಬರಲಿ, ‘ಹೋಗಾಕತ್ತೀನಿ’ ಆಮೇಲೆ. ಮೊದಲ ಪುಟದ ‘ಅರಿವಿ’ ಮಾತ್ರ ಅಲ್ಲೇ ಇರಲಿ, ಅದರ ಕಂಸ ತೆಗೆ. ಅದರ ಬದಲು ಆಕೆಯ ಕೈಗೆ ಒಂದು ಒದ್ದೆ ಅರಿವಿ ಕೊಡು. ಹಿಂಡಲಿ, ಕೊಡವಲಿ, ಲೈನಿನ ಮುಂದಿನ ಬೇಲಿ ಮೇಲೆ ಒಣಹಾಕಲಿ.

ತಿದ್ದಿದ ಪ್ರತಿಗೆ ಕಾಯುತ್ತಿರುತ್ತೇನೆ.

ನಿನ್ನ ಅಣ್ಣ