ಮಗಳಿಗೊಂದು ಪತ್ರ: ಇಲಿ ಇಲಿಯಾಗಿಯೇ ಇರಲಿ

ಕಾರವಾರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಕಾಮಿಕ್ಸ್ ಪುಟಗಳನ್ನು ಓದಿದೆ. ಬೈತಕೋಲ್ ಬಂದರಿನ ಇಲಿ ನನಗೆ ತುಂಬಾ ಇಷ್ಟವಾಯಿತು. ಆದರೆ ಕೊನೆಗೆ, ‘ಇಲಿ ಕತೆ ಸಣ್ಣ ಮಕ್ಕಳದ್ದು ಅಂತಾರೆ, ಇಲಿ ಬದಲು ಹುಡುಗನನ್ನು ಹಾಕಲಾ ಆಯಿ?’ ಅಂತ ಕೇಳಿದ್ದೀಯಲ್ಲ, ಅದು ಬೇಡ ಮಗಾ.

ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ ಕಾಮಿಕ್ಸ್ ನಿಮ್ಮ ಲೈಬ್ರರಿಯಲ್ಲಿದ್ದರೆ ಮೊದಲು ಅದನ್ನು ಓದು. ಹಿಟ್ಲರನ ಕಾಲದಲ್ಲಿ ಪೋಲೆಂಡಿನಲ್ಲಿ ಹೇಗೋ ಜೀವ ಉಳಿಸಿಕೊಂಡ ಅಪ್ಪನ ಕತೆಯನ್ನು ಮಗ ಬರೆದಿದ್ದು. ಅದರಲ್ಲಿ ಯಹೂದಿಗಳೆಲ್ಲ ಇಲಿಗಳು, ಜರ್ಮನ್ನರು ಬೆಕ್ಕುಗಳು. ನಾಜಿಗಳು ಯಹೂದಿಗಳನ್ನು ಇಲಿ, ಹೆಗ್ಗಣ ಅಂತಲೇ ಹೀಗಳೆಯುತ್ತಿದ್ದರು. ಆ ಬೈಗುಳವನ್ನೇ ಸ್ಪೀಗಲ್‌ಮನ್ ಕೈಗೆತ್ತಿಕೊಂಡು ಕತೆ ಕಟ್ಟಿದರು. ಮೊದಲ ಭಾಗ ಪುಸ್ತಕವಾಗಿ ಬಂದಿದ್ದು 1986ರಲ್ಲಿ, ಎರಡನೆಯದು 1991ರಲ್ಲಿ. 1992ರಲ್ಲಿ ಅಮೆರಿಕದ ಪುಲಿಟ್ಜರ್‌ನ ವಿಶೇಷ ಪ್ರಶಸ್ತಿ ಸಿಕ್ಕಿತು.

ಅದರಲ್ಲಿ ಒಂದು ಜಾಗ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಗಂಡ ಹೆಂಡತಿ ನೆಲಮಾಳಿಗೆಯಲ್ಲಿ ಅಡಗಿ ಕೂತಿರುತ್ತಾರೆ. ಅಲ್ಲಿ ನಿಜವಾದ ಹೆಗ್ಗಣ ಬರುತ್ತದೆ. ಇಲಿಮುಖದ ಹೆಂಡತಿ ಹೆದರಿ ನಡುಗುತ್ತಾಳೆ. ಬರೀ ಇಲಿ ಕಣೇ ಅಂತ ಗಂಡ ಸಮಾಧಾನ ಮಾಡುತ್ತಾನೆ. ಆ ಹೆಗ್ಗಣಕ್ಕೆ ಮಾತ್ರ ಅಂಗಿ ಇಲ್ಲ, ಮಾತಿಲ್ಲ. ಥೇಟ್ ಹೆಗ್ಗಣ. ಅಲ್ಲಿಯವರೆಗೆ ನಾವು ಇಲಿ ಅಂದುಕೊಂಡಿದ್ದವರು ಮನುಷ್ಯರು ಅಂತ ಎದೆಗೆ ನಾಟುವುದು ಆಗಲೇ. ಹುಡುಗನ ಚಿತ್ರದಿಂದ ಈ ಕೆಲಸ ಆಗುತ್ತಿತ್ತಾ ಹೇಳು.

ಮುಖಗಳನ್ನೂ ಸರಿಯಾಗಿ ನೋಡು. ಕಣ್ಣಿಗೆ ಎರಡು ಚುಕ್ಕೆ, ಅಷ್ಟೇ. ಆದರೂ ಯಾರು ಅಳುತ್ತಿದ್ದಾರೆ, ಯಾರು ಸುಳ್ಳು ಹೇಳುತ್ತಿದ್ದಾರೆ ಎಲ್ಲ ತಿಳಿಯುತ್ತದೆ. ನಿನ್ನ ಇಲಿ ಮಾತ್ರ ಪ್ರತಿ ಚೌಕದಲ್ಲೂ ನಗುತ್ತದೆ. ಆ ನಗು ಮಿಕ್ಕಿ ಮೌಸ್‌ನದು, 1930ರಿಂದ ಪತ್ರಿಕೆಗಳಲ್ಲಿ ಬಂದು ಲೋಕವೆಲ್ಲ ನೋಡಿದ್ದು. ನಿನಗೆ ಬೇಡ.

ಡೇವಿಡ್ ಪೀಟರ್ಸನ್ ಅವರ ‘ಮೌಸ್ ಗಾರ್ಡ್’ ಕಾಮಿಕ್ಸ್ ಬೇರೆ ಥರದ್ದು. 2006ರಲ್ಲಿ ಶುರುವಾಯಿತು. ಅಲ್ಲಿ ಮನುಷ್ಯರೇ ಇಲ್ಲ. ಇಲಿಗಳು ಕತ್ತಿ ಹಿಡಿದರೂ ಅಳತೆ ಮಾತ್ರ ಇಲಿಯದ್ದೇ. ಹಾವು ಬಂದರೆ ಪುಟ ತುಂಬಾ ಹಾವು. ಕಡಲ ದಂಡೆಯಲ್ಲಿ ಏಡಿಗಳ ಜೊತೆ ಕಾದಾಟ ಇದೆ, ಅದನ್ನು ಬಿಡದೇ ನೋಡು. ನಮ್ಮ ಟಾಗೋರ್ ಬೀಚಿನಲ್ಲಿ ಕಾಲಿಗೆ ಸಿಗದೆ ಓಡುವ ಏಡಿ, ಇಲಿಯ ಎತ್ತರದಿಂದ ಏನಾಗಿ ಕಾಣುತ್ತದೆ ಅಂತ ಗೊತ್ತಾಗುತ್ತದೆ.

ನಿನ್ನ ಬಂದರಿನ ಚಿತ್ರ ಇರುವುದೆಲ್ಲ ನಿಂತ ಮನುಷ್ಯನ ಕಣ್ಣಿನಿಂದ. ಕೆಳಗೆ ಇಳಿ. ಮೀನಿನ ಬುಟ್ಟಿಯ ತಳ, ಒದ್ದೆ ಬಲೆಯ ರಾಶಿ, ಮೀನು ಮಾರುವವರ ಪಾದ ಬರಲಿ. ಇಲಿ ಬಯಲಿನ ನಡುವೆ ಓಡುವುದು ಕಡಿಮೆ, ಗೋಡೆಯ ಬುಡ ಹಿಡಿದೇ ಓಡುತ್ತದೆ. ಕತ್ತಲಲ್ಲಿ ಮೀಸೆಯಿಂದ ತಡವಿ ದಾರಿ ತಿಳಿಯುತ್ತದೆ. ದೋಣಿ ಕಟ್ಟಿದ ಹಗ್ಗದ ಮೇಲೆ ಸಲೀಸಾಗಿ ಹತ್ತಿ ಹೋಗುತ್ತದೆ, ಬಾಲ ಆಗ ತೂಕ ಸರಿದೂಗಿಸುತ್ತದೆ. ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಡಿದು ಕಡಿದೇ ಸವೆಯಬೇಕು. ಇಂಥ ಪ್ರಾಣಿಗೆ ನೀನು ಹಲ್ಲೇ ಬಿಡಿಸಿಲ್ಲ ಪುಟ್ಟಿ! ನಿನ್ನ ಕತೆಯಲ್ಲಿ ಬಲೆ ಕಡಿದದ್ದು ಯಾರು ಅನ್ನುವುದೇ ಜಗಳ, ಹಾಗಿದ್ದಮೇಲೆ ಹಲ್ಲು ಕಾಣಲೇಬೇಕು ಅಲ್ವಾ.

ಮುಂದಿನ ಕತೆಗೆ ನನ್ನದೊಂದು ಆಸೆ. ಇಡಗುಂಜಿಯ ಗಣಪತಿ ಮೂರ್ತಿಯಲ್ಲಿ ಇಲಿ ಇಲ್ಲ, ನೀನೂ ನೋಡಿದ್ದೀಯ. ಆ ಇಲಿ ಎಲ್ಲಿಗೆ ಹೋಯಿತು? ಹೊನ್ನಾವರದ ಕಡೆಯಿಂದ ಘಟ್ಟ ಹತ್ತಿ ಶಿರಸಿಯ ತೋಟಕ್ಕೆ ಬರಲಿ. ಅಲ್ಲಿ ಅದರ ನೆಂಟರೇ ಇದ್ದಾರೆ. ಮರದ ತುದಿ ಬಿಟ್ಟು ನೆಲಕ್ಕಿಳಿಯಲು ಒಲ್ಲದ ಕೆಂದಳಿಲು, ರಾತ್ರಿ ಗೆಡ್ಡೆ ಕೆದಕುವ ಮುಳ್ಳುಹಂದಿ, ಎರಡೂ ಇಲಿಯ ಬಳಗವೇ. ಮೇಲಿರುವವನಿಗೂ ನೆಲದಲ್ಲಿರುವವನಿಗೂ ನಡುವೆ ನಮ್ಮ ಇಲಿ ಸಿಕ್ಕಿಹಾಕಿಕೊಂಡರೆ ಎಷ್ಟು ಮಾತು ಹುಟ್ಟಬಹುದು ನೋಡು.

ಹೊಸ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಬೇಡ, ಗೆರೆ ಮಸುಕಾಗುತ್ತದೆ. ಸ್ಕ್ಯಾನ್ ಮಾಡಿಸಿ ಕಳಿಸು. ಬಂದರಿನ ಹಗ್ಗ, ಬಲೆಯ ಫೋಟೊ ಬೇಕಿದ್ದರೆ ಹೇಳು, ಭಾನುವಾರ ಬೆಳಿಗ್ಗೆ ಹೋಗಿ ತೆಗೆದು ಕಳಿಸುತ್ತೇನೆ.

ನಿನ್ನ
ಆಯಿ