ಒಂದು ಬೀಜ ಕಡಿಮೆಯಿದ್ದ ಗುಳಿ

ಚಿತ್ರದುರ್ಗ
ಚೈತ್ರ ಶುದ್ಧ ದಶಮಿ

ಪ್ರೀತಿಯ ಮಗಳು ಶಾಲಿನಿಗೆ ಆಶೀರ್ವಾದಗಳು.

ಹಬ್ಬದ ಮರುದಿನ ಹೋಳಿಗೆಯ ಡಬ್ಬಿಯನ್ನೂ ಮುಟ್ಟದೆ ನೀನು ಬೆಳಗಿನ ಬಸ್ಸಿಗೆ ಹೊರಟುಹೋದ ಮೇಲೆ ಎರಡು ಸಲ ಫೋನ್ ಕೈಗೆತ್ತಿಕೊಂಡು ಹಾಗೆಯೇ ಕೆಳಗಿಟ್ಟೆ. ಮಾತಿಗೆ ಮಾತು ಬೆಳೆದು ಮತ್ತೆ ಸಿಟ್ಟು ಬಂದೀತೆಂಬ ಭಯದಿಂದ ಈ ಪತ್ರ ಬರೆಯುತ್ತಿದ್ದೇನೆ. ನೆಂಟರೆದುರು ನಿನ್ನ ಕೆಲಸದ ಬಗ್ಗೆ ನಾನು ಆಡಿದ ಮಾತು ನಮ್ಮಿಬ್ಬರಿಗೂ ನೆನಪಿದೆ. ಅದನ್ನು ಮತ್ತೆ ಇಲ್ಲಿ ಬರೆಯುವ ಧೈರ್ಯ ನನಗಿಲ್ಲ.

ನಿನಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಕಳೆದ ಗುರುವಾರ ಕಣ್ಣು ತೋರಿಸಲು ದಾವಣಗೆರೆಗೆ ಬಂದಿದ್ದವನು ನಿನ್ನ ನರ್ಸರಿ ಶಾಲೆಯ ಗೇಟಿನ ಹೊರಗೆ ಅರ್ಧ ಗಂಟೆ ನಿಂತಿದ್ದೆ. ಹೊಂಗೆ ಮರದ ಕೆಳಗೆ ಮಂಡಕ್ಕಿ ಚೆಲ್ಲಿದಂತೆ ಹೂ ಉದುರಿತ್ತು. ನೀನು ಐದು ಹೂಗಳನ್ನು ಒತ್ತೊತ್ತಾಗಿ ಒಂದು ಸಾಲಿನಲ್ಲಿಟ್ಟು, ಇನ್ನೈದನ್ನು ದೂರ ದೂರಕ್ಕೆ ಮತ್ತೊಂದು ಸಾಲಿನಲ್ಲಿಟ್ಟು, ಯಾವುದರಲ್ಲಿ ಹೆಚ್ಚಿವೆ ಎಂದು ಕೇಳಿದೆ. ಎರಡು ಜಡೆಯ ಹುಡುಗಿಯೊಬ್ಬಳು ಉದ್ದನೆಯ ಸಾಲನ್ನು ತೋರಿಸಿದಳು. ನೀನು ತಪ್ಪು ಎನ್ನಲಿಲ್ಲ. ಒಂದೊಂದು ಹೂವಿಗೂ ಒಂದೊಂದು ಎಲೆ ಹಾಕು ಎಂದೆ. ಆ ಮಗು ಮದುವೆಯ ಪಂಕ್ತಿಗೆ ಎಲೆ ಹಾಕುವವರ ಗಾಂಭೀರ್ಯದಿಂದ ಹೊಂಗೆಯ ಚಿಗುರೆಲೆಗಳನ್ನು ಒಂದೊಂದಾಗಿ ಇಡುತ್ತಾ ಹೋಗಿ, ಎರಡೂ ಸಾಲುಗಳನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಆ ಉದ್ದನೆಯ ಸಾಲನ್ನೇ ತೋರಿಸಿದಳು. ನೀನು ನಕ್ಕುಬಿಟ್ಟೆ. ಆರೇಳು ವರ್ಷವಾಗುವ ತನಕ ಬಹಳಷ್ಟು ಮಕ್ಕಳಿಗೆ ಸಾಲು ಹಿಗ್ಗಿದರೆ ಎಣಿಕೆಯೂ ಹಿಗ್ಗಿದಂತೆ ತೋರುತ್ತದೆ ಎಂಬ ಮನೋವಿಜ್ಞಾನಿ ಪಿಯಾಜೆಯ ಮಾತನ್ನು ನಾನು ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ; ಕಣ್ಣಾರೆ ಕಂಡದ್ದು ನಿವೃತ್ತನಾದ ಮೇಲೆ, ಅದೂ ಗೇಟಿನ ಸರಳುಗಳ ಸಂದಿಯಿಂದ.

ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಆ ಹುಣಸೆ ಬೀಜಗಳೇ ಕಣ್ಣ ಮುಂದಿದ್ದವು. ನಿನಗಾಗ ನಾಲ್ಕು ವರ್ಷ. ಇಂಥದೇ ಚೈತ್ರ; ನಿಮ್ಮಜ್ಜಿ ವರ್ಷಕ್ಕಾಗುವಷ್ಟು ಹುಣಸೆಹಣ್ಣು ಜಜ್ಜಿ ಬೀಜವನ್ನು ರಾಶಿ ಹಾಕಿದ್ದರು. ನೀನು ಪಡಸಾಲೆಯಲ್ಲಿ ಅಳಗುಳಿಮಣೆಯ 14 ಗುಳಿಗಳಿಗೂ ಬೀಜ ತುಂಬುತ್ತಾ ಕುಳಿತಿದ್ದೆ. ಸ್ಲೇಟಿನ ಮೇಲೆ 20ರ ತನಕ ಬರೆ ಎಂದು ಬೆಳಗಿನಿಂದ ಹೇಳಿದ್ದರೂ ಬರೆದಿರಲಿಲ್ಲ. ಬಾಯಲ್ಲಿ ಹೇಳಿಸಿದರೆ ಹನ್ನೊಂದಾದ ಮೇಲೆ ನೇರವಾಗಿ ಹದಿನಾರಕ್ಕೆ ಹಾರುತ್ತಿದ್ದೆ. ಮೇಷ್ಟ್ರ ಮಗಳಿಗೆ ಅಂಕಿಯೂ ಬಾರದೆ ಎಂದು ನಾನು ಮಣೆಯನ್ನು ಅಂಗಳಕ್ಕೆ ಬೋರಲು ಹಾಕಿಬಿಟ್ಟೆ. ನೀನು ಅಳಲಿಲ್ಲ. ಬಿಸಿಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಬೀಜಗಳನ್ನು ಹೆಕ್ಕಿ, ಸಂಜೆ ಮಣೆಯನ್ನು ನನ್ನ ಮುಂದೆ ತಂದಿಟ್ಟು, ಕೊನೆಯ ಗುಳಿಯ ಮೇಲೆ ಬೆರಳಿಟ್ಟು "ಅಪ್ಪಾಜಿ, ಇಲ್ಲಿ ಒಂದು ಕಡಿಮೆ" ಎಂದೆ. ಉಳಿದ ಎಲ್ಲ ಗುಳಿಗಳಲ್ಲೂ ಐದೈದು ಬೀಜಗಳಿದ್ದವು. ಅದರಲ್ಲಿ ಮಾತ್ರ ನಾಲ್ಕು.

ಎಪ್ಪತ್ತು ಎಂಬ ಹೆಸರೇ ಗೊತ್ತಿಲ್ಲದ ಮಗು 70ರಲ್ಲಿ ಒಂದು ಕಾಣೆಯಾದದ್ದನ್ನು ಕಂಡುಹಿಡಿದಿತ್ತು. ನಾನು ಸ್ಲೇಟು ತಗೊಂಡು ಬಾ ಎಂದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಆಟ-ಚಟುವಟಿಕೆಗಳಿಂದ ಕಲಿಸುವ ನಲಿ-ಕಲಿ ಪದ್ಧತಿ ಕೆಲವು ವರ್ಷಗಳ ಮೇಲೆ ನಮ್ಮ ಶಾಲೆಗೂ ಬಂದಾಗ ತರಗತಿಯಲ್ಲಿ ಮಕ್ಕಳ ಕೆಲಸಗಳನ್ನು ತೂಗುಹಾಕುವ ಕಲಿಕಾ ಚಪ್ಪರ ಕಟ್ಟಿದವನು, ಪರಸ್ಥಳದಿಂದ ಬಂದ ಅಧಿಕಾರಿಗಳಿಗೆ ಅದನ್ನು ಹೆಮ್ಮೆಯಿಂದ ತೋರಿಸಿದವನು ನಾನೇ. ಆಗಲೂ ಆ ಗುಳಿ ನೆನಪಾಗಲಿಲ್ಲ. ಈಗ ರಾತ್ರಿ ಎಚ್ಚರವಾದರೆ ಮೊದಲು ನೆನಪಾಗುವುದು ಅದೇ, ಅದರ ಮೇಲಿದ್ದ ನಿನ್ನ ಬೆರಳು, ಉಗುರಿನ ಸಂದಿಯ ಮಣ್ಣು. ಆ ಒಂದು ಬೀಜ ಎಲ್ಲಿ ಹೋಯಿತೆಂದು ನಾನೂ ಬಗ್ಗಿ ಹುಡುಕಬಹುದಿತ್ತು.

ಮಕ್ಕಳ ಕೈಗೆ ಪೆನ್ಸಿಲ್ ಹಿಡಿಸದಿದ್ದರೆ ಕೆಲಸ ಬಿಡಬೇಕಾದೀತೆಂದು ನಿಮ್ಮ ಆಡಳಿತದವರು ಹೇಳಿರುವ ವಿಷಯಕ್ಕೆ ಬರುತ್ತೇನೆ. ರಾಜೀನಾಮೆಯ ಮಾತನ್ನು ನೀನಾಗಿ ಎತ್ತಬೇಡ. ಮೂರು ವರ್ಷದ ಮಗುವಿನ ಮಣಿಕಟ್ಟಿನ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಹೂ ಹೆಕ್ಕುವ, ಮಣ್ಣು ನಾದುವ ಬೆರಳೇ ಮುಂದೆ ಪೆನ್ಸಿಲ್ ಹಿಡಿಯಬೇಕಾದದ್ದು ಎಂದು ಪೋಷಕರಿಗೆ ಸಮಾಧಾನದಿಂದ ತಿಳಿಸು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಹಂತವನ್ನು ಆಟ ಮತ್ತು ಚಟುವಟಿಕೆಯ ಆಧಾರದ ಮೇಲೆಯೇ ಕಟ್ಟಬೇಕೆಂದಿದೆ. ಆ ಪುಟವನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೋ. ಯಾವ ಮಗು ಯಾವ ದಿನ ಏನು ಮಾಡಿತೆಂದು ದಿನವೂ ಎರಡು ಸಾಲು ಬರೆದಿಡು. ಪೋಷಕರ ಮೇಲೆ ರೇಗಬೇಡ. ಫೀಸು ಕಟ್ಟಿದವರ ಕಣ್ಣಿಗೆ ತುಂಬಿದ ಪುಟ ಕಾಣುತ್ತದೆ, ಬೆರಳಿಗೆ ಬಂದ ಬಲ ಕಾಣುವುದಿಲ್ಲ. ಇಷ್ಟನ್ನು ಓದಿದ ನಿಮ್ಮಮ್ಮ, ಕ್ಷಮೆ ಕೇಳಲು ಕುಳಿತವರು ಸುತ್ತೋಲೆ ಹೊರಡಿಸಿದ್ದೀರಿ ಎಂದಳು. ಕ್ಷಮಿಸು ಮಗಳೇ. ಒಂದನೇ ತರಗತಿಯಲ್ಲಿ ಪಕ್ಕದ ಮಗು ಸರಾಗವಾಗಿ ಬರೆಯುವಾಗ ನಿನ್ನ ಮಕ್ಕಳು ಹಿಂದೆ ಬಿದ್ದಾರೇನೋ ಎಂಬ ಅಳುಕು ಮಾತ್ರ ನನಗಿನ್ನೂ ಪೂರ್ತಿ ಹೋಗಿಲ್ಲ, ಸುಳ್ಳು ಹೇಳಲಾರೆ.

ಶನಿವಾರ ಪರಿಚಯದವರ ಕೈಯಲ್ಲಿ ಅಳಗುಳಿಮಣೆಯನ್ನು ಕಳಿಸುತ್ತೇನೆ. ಹುಣಸೆ ಬೀಜಗಳನ್ನು ತೊಳೆದು ಒಣಗಿಸಿ, ಮೂರು ಸಲ ಎಣಿಸಿ ಗಂಟು ಕಟ್ಟಿದ್ದೇನೆ. ಚಿಕ್ಕ ಮಕ್ಕಳು ಬೀಜವನ್ನು ಮೂಗಿಗೆ, ಬಾಯಿಗೆ ತುರುಕಿಕೊಳ್ಳುತ್ತಾರೆ. ಆದ್ದರಿಂದ ದೊಡ್ಡ ಮಕ್ಕಳಿಗೆ ಮಾತ್ರ, ಅದೂ ನಿನ್ನ ಕಣ್ಣೆದುರಿಗೇ ಕೊಡು, ಮತ್ತು ಆಟ ಮುಗಿದ ಮೇಲೆ ಪ್ರತಿ ಗುಳಿಯನ್ನೂ ನೋಡಿ ಎತ್ತಿಡು.

ಇಂತಿ,
ನಿನ್ನ ಅಪ್ಪಾಜಿ